ಸೀಕ್ರೆಟ್ ಇನ್ವೇಷನ್ ಕೊನೇ ಎಪಿಸೋಡ್: ಆ ಮಾತು ಫ್ಯೂರಿನೇ ಆಡಬೇಕಿತ್ತಲ್ಲೇನ್ರಿ?

ಶಕ್ತಿನಗರ ಸಿ ಶಿಫ್ಟ್ (ರಾಯಚೂರು)

ಮೊದ್ಲೇ ಹೇಳ್ತೀನಿ, ಕತಿ ಪೂರಾ ಬಿಚ್ಚೀನಿ. ಇನ್ನಾ ನೋಡಲಾರದವ್ರು ಇಲ್ಲಿಂದಾನೇ ವಾಪಸ್ ಹೋಗ್ರಿ, ಆಮ್ಯಾಲ ನನಗ ಬೈಬ್ಯಾಡ್ರಿ.

ಮಾರ್ವೆಲ್‌ನ ಈ ಸೀರೀಸ್ ಶುರುವಾದದ್ದು 2023ರ ಜೂನ್ 21ಕ್ಕ, ಮುಗದದ್ದು ಜುಲೈ 26ಕ್ಕ. ಬೇಕಾದ ರೂಪ ತಾಳೋ ಬ್ಯಾರೆ ಗ್ರಹದ ಸ್ಕ್ರಲ್‌ಗಳು ಮನಷ್ಯಾರ ವ್ಯಾಸದಾಗ ಭೂಮಿ ಹೊಕ್ಕಿರ್ತಾರ, ಹಳೇ ಬೇಹುಗಾರ ನಿಕ್ ಫ್ಯೂರಿ ಅವರನ್ನ ತಡಿಯೋ ಕತಿ. ಆರೇ ಎಪಿಸೋಡ್. ಆವಾಗ ಎಲ್ಲಾರೂ ಉಗುಳೋದು ನೋಡಿ ಬಿಟ್ಟಿದ್ದೆ. ಈಗ ರಾತ್ರಿ ಶಿಫ್ಟ್ ಮುಗಿಸಿ ಬಂದ್ರ ಈ ಬಿಸಲಿನಾಗ ಹಗಲಿ ನಿದ್ದಿ ಎಲ್ಲಿ ಹತ್ತತದ? ಕಿಡಕಿಗೆ ಚಾದರ್ ಕಟ್ಟಿ, ಕೂಲರ್ ಮುಂದ ಕುಂತು ಪೂರಾ ಮುಗಿಸೀನಿ. ಐದನೇ ಎಪಿಸೋಡ್ ತನಕ ನನಗ ಏನೂ ತಕರಾರಿಲ್ಲ. ನಿಧಾನ ಅದ, ಖರೇ. ಆದ್ರ ಇಬ್ಬರು ಮುದುಕರು ರೈಲಿನಾಗ ಎದುರಾಬದುರ ಕುಂತು ಮಾತಾಡೋದನ್ನ ತೋರಿಸೋ ಧೈರ್ಯ ಎಷ್ಟು ಸೂಪರ್‌ಹೀರೋ ಸೀರೀಸಿಗದ ಹೇಳ್ರಿ.

ಆರನೇದಕ್ಕ ಕೈ ಎತ್ತಿಬಿಟ್ಟಾರ. ಬೈಯವ್ರೆಲ್ಲಾ ಗ್ರಾಫಿಕ್ಸಿಗೆ ಬೈತಾರ. ಸ್ಕ್ರಲ್ ಹುಡುಗಿ ಗಿಯಾ, ಸ್ಕ್ರಲ್ ಬಂಡುಕೋರರ ಮುಖಂಡ ಗ್ರಾವಿಕ್ ಇಬ್ಬರ ಮೈಯಾಗೂ ಎಲ್ಲಾ ಅವೆಂಜರ್ಸ್ ಶಕ್ತಿ ಹೊಕ್ಕು, ಒಮ್ಮೆ ಡ್ರಾಕ್ಸನ ಕೈ, ಒಮ್ಮೆ ಗ್ರೂಟನ ಕೈ, ಕಡೀಕ ಕ್ಯಾಪ್ಟನ್ ಮಾರ್ವೆಲ್ ಬೆಂಕಿಲೆ ಗ್ರಾವಿಕ್‌ನ ಎದೀಗೆ ತೂತು. ಅದು ಕೆಟ್ಟದ್ದಾಗ್ಯದ, ಒಪ್ಪಿದೆ. ನನ್ನ ಹೊಟ್ಟೆ ಉರದದ್ದು ಅದಕ್ಕಲ್ಲ, ಅದರ ಹಿಂದಿನ ಸೀನಿಗೆ.

ರಷ್ಯಾದಾಗ ಹಾಳುಬಿದ್ದ ಅಣು ವಿದ್ಯುತ್ ಸ್ಥಾವರದಾಗ ಸ್ಕ್ರಲ್‌ಗಳ ಠಿಕಾಣಿ. ವಿಕಿರಣ ಅವರಿಗೆ ಏನೂ ಮಾಡಂಗಿಲ್ಲ, ಮನಷ್ಯಾನ್ನ ಉಳಸಂಗಿಲ್ಲ. (ನಮ್ದು ಕಲ್ಲಿದ್ದಲಿನ ಸ್ಥಾವರ, ಆದ್ರೂ ಆ ಖಾಲಿ ಕಾರಿಡಾರ್ ನೋಡಿದ್ರ ಮೈ ಜುಂ ಅಂತು.) ಅಲ್ಲಿಗೆ ಫ್ಯೂರಿ ಒಬ್ಬನೇ ಬರ್ತಾನ. ನಿಲ್ಲಾಕ ತ್ರಾಣಿಲ್ಲ. 1997ರಾಗ ಲಂಡನ್ನಿನಾಗ ಈ ಗ್ರಾವಿಕ್ ಸಣ್ಣ ಹುಡುಗ ಇದ್ದಾಗ, ನಿಮಗ ಇರಾಕ ಜಾಗ ಹುಡುಕಿ ಕೊಡ್ತೀನಿ, ನೀವು ನನಗ ಬೇಹುಗಾರಿಕೆ ಮಾಡ್ರಿ ಅಂತ ಮಾತು ಕೊಟ್ಟವ ಇದೇ ಫ್ಯೂರಿ. ಮಾತು ಉಳಸಲಿಲ್ಲ. ಈಗ ಅವನ ಮುಂದ ನಿಂತು, ನನ್ನ ಕೈಲೆ ಆಗಲಿಲ್ಲಪ್ಪಾ ಅಂತ ಒಪ್ಪಕೊಳ್ತಾನ. ಸ್ಯಾಮ್ಯುಯೆಲ್ ಜಾಕ್ಸನ್ 2008ರಿಂದ ಈ ಪಾತ್ರ ಮಾಡಾಕತ್ಯಾನ, ಇಷ್ಟು ಬತ್ತಲೆಯಾಗಿ ಎಂದೂ ಮಾತಾಡಿಲ್ಲ. ನಾ ಕೂಲರ್ ಬಂದ್ ಮಾಡಿ ಕೇಳಿಸಿಕೊಂಡೆ.

ಆಮ್ಯಾಲ ಏನು? ಅವ ಫ್ಯೂರಿನೇ ಅಲ್ಲ. ಗಿಯಾ ವ್ಯಾಸ ಹಾಕ್ಕೊಂಡು ಬಂದಾಳ! ಖರೇ ಫ್ಯೂರಿ ಲಂಡನ್ ಆಸ್ಪತ್ರಿಯಾಗ ಅಮೆರಿಕದ ಅಧ್ಯಕ್ಷನ ಮುಂದ ಪಿಸ್ತೂಲ್ ಹಿಡಕೊಂಡು ನಿಂತಾನ. ಹಂಗಾದ್ರ ಆ ಒಪ್ಪಿಗಿ ಯಾರದು? ಗ್ರಾವಿಕ್ ಮೂವತ್ತು ವರ್ಷದ ಸಿಟ್ಟಿಗೆ ಉತ್ತರ ಕೇಳಿದ್ದು ಯಾರ ಬಾಯಿಲೆ? ಇಡೀ ಸೀರೀಸಿನ ಚೊಲೋ ಸೀನನ್ನ ಒಂದು ಟ್ವಿಸ್ಟಿಗೆ ಮಾರಿಕೊಂಡ್ರು ಅಂತ ನನಗನಸ್ತದ. ನಿಮಗ?

ಕೌಲ್‌ಬಜಾರ್ ಕಾಮಿಕ್ಸ್ (ಬಳ್ಳಾರಿ)

ಅಣ್ಣಾ, ನೀನು ಆರನೇ ಎಪಿಸೋಡಿನಾಗೆ ಹುಳ ಹುಡುಕ್ತಿದ್ದೀ, ಇದು ಮೊದಲನೇದ್ರಿಂದಾನೇ ಕೆಟ್ಟೈತೆ. ಫ್ಯೂರಿಯ ಬಲಗೈ ಮಾರಿಯಾ ಹಿಲ್‌ನ ಮೊದಲ್ನೇ ಎಪಿಸೋಡಿಗೇ ಸಾಯಿಸಿದಾಗ್ಲೇ ನಾನು ಅರ್ಧ ಮನಸು ಬಿಟ್ಟೆ.

ಇದೇ ಹೆಸರಿನ 2008ರ ಕಾಮಿಕ್ಸ್ ಓದಿದೋರಿಗೆ ಗೊತ್ತು. ಎಂಟು ಸಂಚಿಕೆ. ಅದ್ರಾಗೆ ಭಯ ಹೆಂಗೆ ಹುಟ್ಟುತ್ತೆ ಅಂದ್ರೆ, ಹೀರೋಗಳ ಪೈಕಿನೇ ಸ್ಕ್ರಲ್‌ಗಳು ಸೇರ್ಕೊಂಡಿರ್ತಾರೆ. ಎಲೆಕ್ಟ್ರಾ ಸತ್ತು ಬಿದ್ದಾಗ ನೋಡಿದ್ರೆ ಹಸಿರು ಹೆಣ. ಸ್ಪೈಡರ್ ವುಮನ್ ಅಂತ ಓಡಾಡ್ತಿದ್ದೋಳು ಸ್ಕ್ರಲ್‌ಗಳ ರಾಣಿ. ಪಕ್ಕದಾಗೆ ನಿಂತೋನ್ನ ನಂಬಂಗಿಲ್ಲ. ಇಲ್ಲಿ ಯಾರು ಬದ್ಲಾಗ್ಯಾರೆ? ಯಾವುದೋ ಟೀವಿ ಆಂಕರು, ಯಾವುದೋ ಕಮಾಂಡರು. ಹೆಸರೇ ಗೊತ್ತಿಲ್ಲದೋನು ಸ್ಕ್ರಲ್ ಆದ್ರೆ ನನಗೇನು? ಹೀರೋಗಳ ಪೈಕಿ ರೋಡಿ (ವಾರ್ ಮಷೀನ್) ಒಬ್ಬನ್ನ ಬಿಟ್ರೆ ಒಬ್ರೂ ಇಲ್ಲ.

20 ಕೋಟಿ ಡಾಲರಿಗೂ ಮೇಲೆ ಖರ್ಚಾಯ್ತು ಅಂತ ವರದಿ ಬಂದಿತ್ತು. ಶುರುವಿನ ಟೈಟಲ್ಲನ್ನ ಎಐ ಕೈಲಿ ಮಾಡಿಸಿದ್ರು, ಅದೂ ಹಾಲಿವುಡ್ ಬರಹಗಾರರು ಮುಷ್ಕರ ಕೂತಿರೋ ಟೈಮಿನಾಗೆ. ರೊಕ್ಕ ಎಲ್ಲಿ ಹೋಯ್ತೋ ದುರ್ಗಮ್ಮನಿಗೇ ಗೊತ್ತು.

ಕುಕನೂರಿನಾಕಿ (ಕೊಪ್ಪಳ)

ಶಕ್ತಿನಗರದ ತಮ್ಮಾ, ಪ್ರಶ್ನಿ ಚೊಲೋ ಕೇಳೀಯಪ್ಪಾ, ಆದ್ರ ಉತ್ತರಾನೂ ನೀನ ಬರದೀದಿ, ನಿನಗ ಕಂಡಿಲ್ಲ ಅಷ್ಟ.

ಫ್ಯೂರಿ ಎಂದಾದ್ರೂ ತಾನು ಹೋಗ್ಯಾನೇನು? ಸ್ಕ್ರಲ್ ಹುಡುಗರನ್ನ ಬೇಹುಗಾರಿಕೆಗೆ ಕಳಿಸಿದ. ಎಂಡ್‌ಗೇಮ್ ಸಿನಿಮಾದಾಗಿನ ಯುದ್ಧ ಮುಗದ ಮ್ಯಾಲ ಅವೆಂಜರ್ಸ್ ಚೆಲ್ಲಿದ ರಕ್ತ ಆರಿಸಿ ತರಾಕ ಮತ್ತ ಅವರನ್ನ ಕಳಿಸಿದ, ಆ ಗುಂಪಿನಾಗ ಗ್ರಾವಿಕ್‌ನೂ ಇದ್ದ. ಗಿಯಾನ ಅಪ್ಪ ಟಾಲೋಸ್ ಅವನ ಜೋಡಿ ಹೋಗಿ ಜೀವ ಬಿಟ್ಟ. ಕಡೀಕ ಕ್ಷಮಾ ಕೇಳೋ ಕೆಲಸಕ್ಕೂ ಒಬ್ಬ ಸ್ಕ್ರಲ್ ಹುಡಿಗೀನ್ನ ಕಳಿಸಿದ. ಇದು ಬರಿಯೋವ್ರ ತಪ್ಪಲ್ಲ, ಇದು ಫ್ಯೂರಿ. ಅಂವಾ ಇರೋದೇ ಹಂಗ.

ಇನ್ನೊಂದು. ಆ ಮಾತು ಯಾರದು ಅಂತ ಕೇಳಿದಿ. ಗಿಯಾಂದು. ಆಕಿ ಅವ್ವ ಸತ್ತಾಳ, ಅಪ್ಪ ಸತ್ತಾನ, ನೆಲಿ ಇಲ್ಲ. ಫ್ಯೂರಿ ನಮ್ಮ ಮುಂದ ನಿಂತು ಹಿಂಗ ಅಂದಿದ್ರ ಅಂತ ಆಕಿ ಎಷ್ಟು ವರ್ಷ ಮನಸಿನಾಗ ಅಂದ್ಕೊಂಡಿದ್ಲೋ, ಅದನ್ನ ಅವನ ಬಾಯಿಲೆ ತಾನ ಆಡ್ತಾಳ. ಎರಡನೇ ಸಲ ನೋಡು, ಗಿಯಾ ಅಂತ ತಿಳಕೊಂಡು ನೋಡು. ಬ್ಯಾರೆನ ಸೀನ್ ಆಕ್ಕೈತಿ.

ಗಂಗಾವತಿ ಭತ್ತ (ಕೊಪ್ಪಳ)

ಎಲ್ಲಾ ಬಿಡ್ರಿ, ರೋಡಿ ವಿಷಯ ಯಾರರ ಬಿಡಿಸಿ ಹೇಳ್ರಿ. ಸ್ಕ್ರಲ್‌ಗಳ ಸೆರಿಯಿಂದ ಖರೇ ರೋಡಿನ್ನ ಹೊರಗ ತಂದಾಗ ಆಸ್ಪತ್ರಿ ಗೌನಿನಾಗ ಅದಾನ, ಕಾಲು ನಿಲ್ಲವಲ್ವು. ಅಂದ್ರ 2016ರ ಸಿವಿಲ್ ವಾರ್ ಸಿನಿಮಾದಾಗ ಬಿದ್ದು ಬೆನ್ನು ಮುರಕೊಂಡಾಗಿಂದ ಒಳಗ ಅದಾನ ಅಂತ ಲೆಕ್ಕ. ಹಂಗಾದ್ರ ಎಂಡ್‌ಗೇಮ್‌ನಾಗ ಟೋನಿ (ಐರನ್ ಮ್ಯಾನ್) ಸಾಯೋ ಹೊತ್ತಿಗೆ ಎಲ್ಲಾರಕಿಂತ ಮೊದಲು ಬಂದು ಮುಖ ಮುಟ್ಟಿದವ ಯಾರು? ಆ ಸೀನಿಗೆ ನಾ ಥೇಟರಿನಾಗ ಅತ್ತೀನ್ರೀ. ನನ್ನ ಕಣ್ಣೀರು ವಾಪಸ್ ಕೊಡ್ರಿ.

ಶಕ್ತಿನಗರ ಸಿ ಶಿಫ್ಟ್ (ರಾಯಚೂರು)

ಗಂಗಾವತಿ ಅಣ್ಣಾ, ಅದಕ್ಕ ಉತ್ತರ ಇಲ್ಲ, ಒಗ್ಗರಣಿ ಮಿರ್ಚಿ ತಿಂದು ಸಮಾಧಾನ ಮಾಡ್ಕೋ. ಒಂದು ಸೆಕೆಂಡಿನ ಗೌನಿನ ಸಲುವಾಗಿ ಹಳೇ ಸಿನಿಮಾದಾಗಿನ ದುಃಖ ಕೆಡಿಸಿಟ್ರು.

ಕೌಲ್‌ಬಜಾರ್ ಅಣ್ಣ ಹೇಳಿದ್ದೂ ಖರೇ, ಆದ್ರ ಹೀರೋಗಳಿಲ್ಲದ್ದು ನನಗ ಕೊರತಿ ಅನಸಲಿಲ್ಲ. 2015ರ ಡೇರ್‌ಡೆವಿಲ್ ಸೀರೀಸಿನಾಗ ಎರಡನೇ ಎಪಿಸೋಡಿಗೆ ಒಂದು ಕಾರಿಡಾರು, ಒಬ್ಬ ದಣದ ಮನಷ್ಯಾ, ಅಷ್ಟ್ರಾಗೇ ಎದ್ದು ನಿಂದ್ರಿಸಿದ್ರು. ರೊಕ್ಕಕ್ಕೂ ಹೀರೋಗಳ ಲೆಕ್ಕಕ್ಕೂ ಸಂಬಂಧಿಲ್ಲ.

ಅಕ್ಕಾರ, ನಿಮ್ಮ ಮಾತು ಓದಿ ಆ ಸೀನ್ ಮತ್ತ ಹಾಕಿದೆ. ಗಿಯಾನ ಆಸಿ ಅಂತ ನೋಡಿದ್ರ ಚೊಲೋ ಅದ, ಸುಳ್ಳು ಹೇಳಂಗಿಲ್ಲ. ಆದ್ರ ಎಪಿಸೋಡು ಅದನ್ನ ಹೇಳಬೇಕಲ್ಲಾ? ಮುಖ ಬದಲಾದ ಮರುಗಳಿಗಿಗೆ ಗುದ್ದಾಟ ಶುರು. ಆಕಿ ಒಂದು ಮಾತು, ಆ ಮಾತು ನಂದಿತ್ತು ಅಂತ ಒಂದೇ ಮಾತು, ಆಡಲಿಲ್ಲ. ಅಷ್ಟು ಜಾಗ ನೀವು ತುಂಬೀರಿ, ಅವರು ತುಂಬಿಲ್ಲ.

ನಮ್ಮೂರಿಗೆ ಸುಗ್ಗಿ ಮುಗದ ಮ್ಯಾಲ ಹಗಲುವ್ಯಾಸದವ್ರು ಬರ್ತಿದ್ರು. ಒಂದಿನ ರಾಮ, ಒಂದಿನ ಭೀಮ, ಒಂದಿನ ಖಾಕಿ ಹಾಕ್ಕೊಂಡು ಬಂದು ಮಂದೀನ್ನ ಅಂಜಿಸೋದು. ಕಡೀ ದಿನ ಬಣ್ಣ ತೊಳಕೊಂಡು, ತಮ್ಮ ಸ್ವಂತ ಮುಖದಾಗ ಮನಿಮನಿಗೆ ಬಂದು ಕಾಳು ಕೇಳತಿದ್ರು. ನಮ್ಮ ಅಜ್ಜ ಕಾಳು ನೀಡೋ ಮುಂದ ಅವರ ಮುಖ ದಿಟ್ಟಿಸಿ ನೋಡತಿದ್ದ, ಭೀಮ ಆದವ ಇವನೇ ಏನು ಅಂತ. ಫ್ಯೂರಿ ಆ ಕಡೀ ದಿನಾನೇ ತಪ್ಪಿಸಿಕೊಂಡಾನ ನೋಡ್ರಿ. ಅವನ ಗುಣ ಅದು ಅಂತ ನೀವಂತೀರಿ. ಇರಲಿ, ಹಂಗಾದ್ರ ಹಂಗ ತಪ್ಪಿಸಿಕೊಂಡದ್ದಕ್ಕ ಕತಿಯಾಗ ಯಾರರ ಒಬ್ಬರು ಅವನ ಕೊಳ್ಳಪಟ್ಟಿ ಹಿಡದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಅಧ್ಯಕ್ಷ ರಿಟ್ಸನ್ ಬ್ಯಾರೆ ಗ್ರಹದವ್ರೆಲ್ಲಾ ವೈರಿಗಳು ಅಂತ ಸಾರತಾನ, ಬೀದ್ಯಾಗ ಮಂದಿ ಸ್ಕ್ರಲ್ ಅಂತ ತಿಳಕೊಂಡು ಮನಷ್ಯಾರನ್ನೂ ಹೊಡದು ಕೆಡವತಾರ, ಇಂವ ಬ್ಯಾಗ್ ಕಟ್ಟಿಕೊಂಡು ಆಕಾಶಕ್ಕ ಹೊಂಟ.

ಕುಕನೂರಿನಾಕಿ (ಕೊಪ್ಪಳ)

ಹಗಲುವ್ಯಾಸದ ಮಾತು ಒಪ್ಪಿದೆ. ಆದ್ರ ಹೊಂಡೋ ಮುಂದ ಏನಾತು, ಅದನ್ನ ಯಾಕ ಬಿಟ್ಟಿ? ಹೆಂಡ್ತಿ ವಾರ್ರಾ ಬರ್ತಾಳ. ಇಷ್ಟು ವರ್ಷ ಮನಷ್ಯಾಳ ಮುಖ ಹಾಕ್ಕೊಂಡು ಬಾಳೇ ಮಾಡಿದಾಕಿ. ಆಕಿ ತನ್ನ ಹಸರ ಮುಖ ತೋರಸ್ತಾಳ, ಅಂವಾ ಆ ಮುಖಕ್ಕ ಮುತ್ತು ಕೊಡ್ತಾನ. ಕಡೀ ದಿನ ಇಲ್ಲ ಅಂದೆಲ್ಲಾ, ಇದ ಅದು.

ಶಕ್ತಿನಗರ ಸಿ ಶಿಫ್ಟ್ (ರಾಯಚೂರು)

ಆ ಸೀನ್ ನನಗೂ ಸೇರತು. ಆದ್ರ ಅಕ್ಕಾರ, ಅಲ್ಲಿ ಬಣ್ಣ ತೊಳಕೊಂಡಾಕಿ ವಾರ್ರಾ. ಅಂವ ಏನು ತೊಳಕೊಂಡ?

ಕೌಲ್‌ಬಜಾರ್ ಕಾಮಿಕ್ಸ್ (ಬಳ್ಳಾರಿ)

ನೀವಿಬ್ರು ಹಿಂಗೇ ಬಡಿದಾಡ್ರಿ. ಅದೇ 2023ರ ನವೆಂಬರಿನಾಗೆ ದ ಮಾರ್ವೆಲ್ಸ್ ಸಿನಿಮಾ ಬಂತು. ಫ್ಯೂರಿ ಬಾಹ್ಯಾಕಾಶ ನಿಲ್ದಾಣದಾಗೆ ಜೋಕ್ ಹೊಡ್ಕಂತ ಬೆಕ್ಕಿನ ಮರಿಗಳ ನಡುವೆ ಓಡಾಡ್ತಿದ್ದಾನೆ. ಸ್ಕ್ರಲ್‌ಗಳೂ ಅದಾರೆ. ವಾರ್ರಾ ಎಲ್ಲಿ? ಗ್ರಾವಿಕ್ ಅಂತ ಒಬ್ಬ ಇದ್ದ ಅಂತ ಯಾರಾದ್ರೂ ಬಾಯಿ ಬಿಟ್ರಾ?

ಗಂಗಾವತಿ ಭತ್ತ (ಕೊಪ್ಪಳ)

ಆ ಫ್ಯೂರಿನೂ ಸ್ಕ್ರಲ್ ಇರಬೇಕು ತಗೋರಿ.

ಶಕ್ತಿನಗರ ಸಿ ಶಿಫ್ಟ್ (ರಾಯಚೂರು)

ಹಹ್ಹ, ಬಸ್ ಹಾರನ್ ಹೊಡ್ಯಾಕತ್ಯದ, ಡ್ಯೂಟಿಗೆ ಹೊಂಟೆ. ಅಕ್ಕಾರ, ಬಿಡಂಗಿಲ್ಲ, ಆ ಗುದ್ದಾಟ ತಗದು ಗಿಯಾಗೆ ಎರಡು ನಿಮಿಷ ಮಾತಾಡಾಕ ಕೊಟ್ಟಿದ್ರ ಏನು ಅಂತಿದ್ಲು, ನೀವೇ ಬರೀರಿ. ನಾಳೆ ಮುಂಜಾನೆ ಬಂದು ಓದ್ತೀನಿ.