ಪಾಯಿಂಟ್ ಇದ್ದರೂ ಮಾಲ್ಡೀವ್ಸ್ ರೆಸಾರ್ಟ್‌ನಲ್ಲಿ ಕೋಣೆ ತೋರಿಸುತ್ತಿಲ್ಲ: ಉಡುಪಿಯಿಂದ ಮೂವರ ಪ್ರವಾಸ

ಇಂದ್ರಾಳಿ_ನಿವಾಸಿ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ನಾನು, ನನ್ನ ಪತಿ, ಒಂಬತ್ತು ವರ್ಷದ ಮಗಳು ಮಾಲ್ಡೀವ್ಸ್‌ಗೆ ಹೋಗಬೇಕೆಂದಿದ್ದೇವೆ. ಕೈಯಲ್ಲಿರುವ ಹಣ ಎರಡೂವರೆ ಲಕ್ಷ. ವಿಮಾನದಿಂದ ಹಿಡಿದು ಊಟದವರೆಗೆ ಎಲ್ಲವೂ ಅದರಲ್ಲೇ ಮುಗಿಯಬೇಕು. ಕೋಣೆಗೆ ಮಾತ್ರ ಪಾಯಿಂಟ್ ಕೂಡಿಟ್ಟಿದ್ದೇನೆ. ಮ್ಯಾರಿಯಟ್ ಹೋಟೆಲ್‌ಗಳ ಸದಸ್ಯತ್ವ ಯೋಜನೆಯಾದ ಬಾನ್‌ವಾಯ್‌ನ ನನ್ನ ಖಾತೆಯಲ್ಲಿ 1,52,000, ಪತಿಯ ಖಾತೆಯಲ್ಲಿ 46,000 ಇದೆ. ಮನೆ ಕಟ್ಟಿಸುವಾಗ ಟೈಲ್ಸ್, ವಯರಿಂಗ್ ಸಾಮಾನು, ನಲ್ಲಿಗಳನ್ನೆಲ್ಲ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡಿದ್ದರಿಂದ ಬ್ಯಾಂಕಿನ ಪಾಯಿಂಟ್‌ಗಳೂ ಬೇರೆ ಇವೆ.

ನಾವು ಮೆಚ್ಚಿದ್ದು ಬಾ ಅಟಾಲ್ ಎಂಬ ದ್ವೀಪಸಮೂಹದ ಒಂದು ರೆಸಾರ್ಟ್. ಮೂವರು, ನಾಲ್ಕು ರಾತ್ರಿ ಎಂದು ಹುಡುಕಿದರೆ ಪಾಯಿಂಟ್‌ಗೆ ಕೋಣೆಯೇ ಇಲ್ಲ ಎಂದು ಬರುತ್ತದೆ. ಇಬ್ಬರು ಎಂದು ಹಾಕಿದರೆ ಅದೇ ದಿನಾಂಕಕ್ಕೆ ರಾತ್ರಿಯೊಂದಕ್ಕೆ 48,000ದಂತೆ ಕೋಣೆ ಕಾಣಿಸುತ್ತದೆ. ಆಗ ನನ್ನ ಖಾತೆಗೆ 40,000 ಕಡಿಮೆ ಬೀಳುತ್ತದೆ. ಬ್ಯಾಂಕಿನ ಪಾಯಿಂಟ್‌ಗಳನ್ನು ಇಂದೇ ವರ್ಗಾಯಿಸಿಬಿಡಲೇ? ಇಬ್ಬರಿಗೆ ಬುಕ್ ಮಾಡಿ, ಮಗಳ ವಿಷಯವನ್ನು ಅಲ್ಲಿಗೆ ಹೋದ ಮೇಲೆ ಹೇಳಿದರೆ ನಡೆಯುತ್ತದೆಯೇ?

ಕದ್ರಿ_ಪ್ರಯಾಣಿಕ

ಅಕ್ಕ, ಬ್ಯಾಂಕಿನ ಪಾಯಿಂಟ್‌ಗಳನ್ನು ಇಂದು ಮುಟ್ಟಲೇಬೇಡಿ. ಒಮ್ಮೆ ಹೋಟೆಲ್ ಖಾತೆಗೆ ಹೋದ ಪಾಯಿಂಟ್ ಬ್ಯಾಂಕಿಗೆ ಮರಳುವುದಿಲ್ಲ. ಕೋಣೆ ಖಾತ್ರಿಯಾಗುವ ಮೊದಲು ವರ್ಗಾಯಿಸಿದರೆ ಅವು ಒಂದೇ ಕೆಲಸಕ್ಕೆ ಕಟ್ಟುಬೀಳುತ್ತವೆ. ನೀವು ಹೇಳಿದ ಲೆಕ್ಕದಲ್ಲಿ ಅವುಗಳ ಅಗತ್ಯವೂ ಇಲ್ಲ.

ನಾಲ್ಕರ ಬದಲು ಐದು ರಾತ್ರಿಗೆ ಹುಡುಕಿ ನೋಡಿ. ಮ್ಯಾರಿಯಟ್‌ನಲ್ಲಿ ಪೂರ್ತಿ ಪಾಯಿಂಟ್ ಕೊಟ್ಟು ಸತತ ಐದು ರಾತ್ರಿ ಉಳಿದರೆ ನಾಲ್ಕು ರಾತ್ರಿಯ ಪಾಯಿಂಟ್ ಮಾತ್ರ ಕಳೆಯುತ್ತಾರೆ. ರಾತ್ರಿಯಿಂದ ರಾತ್ರಿಗೆ ದರ ಬೇರೆಯಾಗಿದ್ದರೆ ಎಲ್ಲಕ್ಕಿಂತ ಅಗ್ಗದ ರಾತ್ರಿ ಉಚಿತವಾಗುತ್ತದೆ. ಎಲ್ಲ ರಾತ್ರಿಗೂ 48,000 ಎಂದುಕೊಂಡರೆ ಐದು ರಾತ್ರಿಗೆ 1,92,000. ನಿಮ್ಮಿಬ್ಬರ ಖಾತೆ ಸೇರಿಸಿದರೆ 1,98,000 ಆಗುತ್ತದೆ. ಸದಸ್ಯರು ಪರಸ್ಪರ ಪಾಯಿಂಟ್ ಕೊಡಬಹುದು. ಕೊಡುವವರಿಗೆ ವರ್ಷಕ್ಕೆ ಒಂದು ಲಕ್ಷದ ಮಿತಿ ಇದೆ, ನಿಮ್ಮ ಪತಿ ಕೊಡಬೇಕಾದದ್ದು ಅದರ ಅರ್ಧಕ್ಕಿಂತ ಕಡಿಮೆ. ತೀರಾ ಹೊಸ ಖಾತೆಯಾದರೆ ಮಾತ್ರ ಸ್ವಲ್ಪ ಕಾಯಬೇಕಾಗುತ್ತದೆ.

ಇನ್ನು ಕೋಣೆ ಮಾಯವಾಗುವ ವಿಷಯ. ಪಾಯಿಂಟ್‌ಗೆ ಹೆಚ್ಚಾಗಿ ಸಿಗುವುದು ರೆಸಾರ್ಟ್‌ನ ಮೂಲ ದರ್ಜೆಯ ಕೋಣೆ. ಆ ಕೋಣೆಗೆ ರೆಸಾರ್ಟ್ ಎಷ್ಟು ಜನರ ಮಿತಿ ಹಾಕಿದೆಯೋ ಅದನ್ನು ಮೀರಿದ ಸಂಖ್ಯೆ ಕೊಟ್ಟ ತಕ್ಷಣ ಹುಡುಕಾಟದಿಂದ ಕೋಣೆ ಕೈಬಿಟ್ಟುಹೋಗುತ್ತದೆ. ಆದ್ದರಿಂದ ಮೊದಲು ‘ಮೂವರು ವಯಸ್ಕರು’ ಎಂದು ಹಾಕಿಲ್ಲವಷ್ಟೇ ಎಂದು ನೋಡಿಕೊಳ್ಳಿ. ಇಬ್ಬರು ವಯಸ್ಕರು, ಒಂದು ಮಗು, ವಯಸ್ಸು ಒಂಬತ್ತು ಎಂದು ಬೇರೆಬೇರೆಯಾಗಿ ತುಂಬಬೇಕು. ಆಗಲೂ ಕಾಣಿಸದಿದ್ದರೆ ಇಬ್ಬರಿಗೆ ಹುಡುಕಿ, ರದ್ದು ಮಾಡಲು ಅವಕಾಶವಿರುವ ಬುಕಿಂಗ್ ಮಾಡಿ, ಆ ಕೂಡಲೇ ರೆಸಾರ್ಟ್‌ಗೆ ಇಮೇಲ್ ಬರೆಯಿರಿ. ಬುಕಿಂಗ್ ಸಂಖ್ಯೆ ಕೊಟ್ಟು, ಮಗಳು ನಮ್ಮ ಕೋಣೆಯಲ್ಲೇ ಉಳಿಯುತ್ತಾಳೆ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಅವಳ ಊಟಕ್ಕೆ ಎಷ್ಟು, ಓಡಾಟಕ್ಕೆ ಎಷ್ಟು ಎಂದು ಕೇಳಿ. ಉತ್ತರ ಲಿಖಿತದಲ್ಲಿ ಬರಲಿ. ಅಲ್ಲಿಗೆ ಹೋದ ಮೇಲೆ ಹೇಳುವ ಯೋಚನೆ ಬಿಟ್ಟುಬಿಡಿ. ಅಲ್ಲಿಗೆ ಕರೆದೊಯ್ಯುವ ಸೀಪ್ಲೇನ್‌ನ (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ) ಸೀಟನ್ನು ಕಾಯ್ದಿರಿಸುವುದು ರೆಸಾರ್ಟ್. ಪಟ್ಟಿಯಲ್ಲಿ ಹೆಸರಿಲ್ಲದ ಮಗುವನ್ನು ಕೈಹಿಡಿದು ರಾಜಧಾನಿ ಮಾಲೆಯ ಜೆಟ್ಟಿಯಲ್ಲಿ ನಿಲ್ಲುವ ಪರಿಸ್ಥಿತಿ ಯಾರಿಗೂ ಬೇಡ.

ಅದೇ ಇಮೇಲ್‌ನಲ್ಲಿ ಪೂರ್ತಿ ಖರ್ಚಿನ ಪಟ್ಟಿಯನ್ನೂ ಕೇಳಿ. ನಿಮ್ಮ ಎರಡೂವರೆ ಲಕ್ಷದ ಬಗ್ಗೆ ನನಗೆ ಕೋಣೆಗಿಂತ ದೊಡ್ಡ ಚಿಂತೆ ಅಲ್ಲಿದೆ.

ಇಂದ್ರಾಳಿ_ನಿವಾಸಿ

ತಮ್ಮಾ, ತುಂಬಾ ಉಪಕಾರವಾಯಿತು. ಒಂದು ಮಗು ಎಂದು ಬೇರೆಯಾಗಿ ತುಂಬಿದಾಗ ಕೋಣೆ ಬಂತು, ಐದನೆಯ ರಾತ್ರಿಯೂ ಉಚಿತವೆಂದು ತೋರಿಸಿತು. ರೆಸಾರ್ಟ್‌ನಿಂದ ಉತ್ತರವೂ ಬಂದಿದೆ. ಸೀಪ್ಲೇನ್ ಹೋಗಿಬರಲು ದೊಡ್ಡವರಿಗೆ ತಲಾ 600 ಡಾಲರ್, ಮಗಳಿಗೆ 300. ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಸೇರಿದ ಯೋಜನೆ ದೊಡ್ಡವರಿಗೆ ದಿನಕ್ಕೆ ತಲಾ 110 ಡಾಲರ್, ಮೇಲೆ ತೆರಿಗೆ ಮತ್ತು ಸೇವಾ ಶುಲ್ಕ. ಮಗಳಿಗೆ ನಮ್ಮ ಜೊತೆ ಊಟ ಉಚಿತ. ಹಸಿರು ತೆರಿಗೆ ಬೇರೆ. ಇದು ದುಬಾರಿಯೋ, ಎಲ್ಲ ಕಡೆಯೂ ಹೀಗೆಯೇ ಇರುತ್ತದೆಯೋ?

ಕದ್ರಿ_ಪ್ರಯಾಣಿಕ

ಅಲ್ಲಿ ಇದು ಸಾಮಾನ್ಯ ದರವೇ. ಡಾಲರ್‌ಗೆ 90 ರೂಪಾಯಿ ಹಿಡಿದು ಲೆಕ್ಕ ಹಾಕೋಣ.

ಸೀಪ್ಲೇನ್ ಮೂವರಿಗೆ 1,500 ಡಾಲರ್, ಅಂದರೆ 1,35,000 ರೂಪಾಯಿ. ಹಸಿರು ತೆರಿಗೆ 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ ತಲಾ ದಿನಕ್ಕೆ 12 ಡಾಲರ್ ಆಗಿದೆ. ಮೂವರಿಗೆ ಐದು ದಿನಕ್ಕೆ 180 ಡಾಲರ್, 16,200 ರೂಪಾಯಿ. ಪಾಯಿಂಟ್‌ನಲ್ಲಿ ಉಳಿದರೂ ಇದನ್ನು ಹಣವಾಗಿಯೇ ಕಟ್ಟಬೇಕು, ಮಕ್ಕಳಿಗೂ ಅನ್ವಯ. ಎರಡು ವರ್ಷದೊಳಗಿನವರಿಗೆ ಮಾತ್ರ ವಿನಾಯಿತಿ. ಊಟಕ್ಕೆ 110 ಡಾಲರ್ ಎಂದು ಬರೆದಿದ್ದರೂ ಅದರ ಮೇಲೆ ಶೇ 10 ಸೇವಾ ಶುಲ್ಕ, ಆ ಮೊತ್ತದ ಮೇಲೆ ಶೇ 17 ಪ್ರವಾಸೋದ್ಯಮ ತೆರಿಗೆ ಬೀಳುತ್ತದೆ. 2025ರ ಜುಲೈಗೆ ಮೊದಲು ಅದು ಶೇ 16 ಇತ್ತು, ಹಳೆಯ ಬರಹಗಳಲ್ಲಿ ಆ ಅಂಕಿಯೇ ಕಾಣಿಸೀತು. ಎರಡೂ ಸೇರಿದರೆ 110 ಡಾಲರ್ ಸುಮಾರು 142 ಆಗುತ್ತದೆ. ಇಬ್ಬರಿಗೆ ಐದು ದಿನಕ್ಕೆ 1,27,000 ರೂಪಾಯಿ ದಾಟಿತು.

ಒಟ್ಟು 2,78,000ದ ಮೇಲೆ. ಇನ್ನೂ ನೀವು ಉಡುಪಿ ಬಿಟ್ಟಿಲ್ಲ.

ಕೋಣೆ ಉಚಿತ ಎಂದು ಕೇಳಿದಾಗ ಮನಸ್ಸು ಹಗುರವಾಗುತ್ತದೆ, ಸಹಜ. ಆದರೆ ಮಾಲ್ಡೀವ್ಸ್‌ನಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಎದುರಿನ ಹೋಟೆಲಿಗೆ ಹೋಗಿ ಉಂಡುಬರುತ್ತೇನೆ ಎನ್ನುವ ಹಾಗಿಲ್ಲ, ಬೇರೆ ದೋಣಿ ಹಿಡಿಯುತ್ತೇನೆ ಎನ್ನುವ ಹಾಗೂ ಇಲ್ಲ. ಅಲ್ಲಿಗೆ ತಲುಪುವ ಖರ್ಚು ಮತ್ತು ಅಲ್ಲಿ ಉಣ್ಣುವ ಖರ್ಚು, ಈ ಎರಡರ ಮೇಲೆ ರೆಸಾರ್ಟ್ ಆರಿಸಬೇಕು. ಪಾಯಿಂಟ್ ದರವನ್ನು ಆಮೇಲೆ ನೋಡಿದರೆ ಸಾಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಲೆಗೆ ಹತ್ತಿರದ, ಸ್ಪೀಡ್‌ಬೋಟ್‌ನಲ್ಲಿ ತಲುಪುವ ರೆಸಾರ್ಟ್ ಹಿಡಿಯುತ್ತೇನೆ. ಉತ್ತರ ಮಾಲೆ ಅಟಾಲ್‌ನಲ್ಲಿ ಶೆರಟಾನ್ ಫುಲ್ ಮೂನ್ ಇದೆ, ವಿಮಾನ ನಿಲ್ದಾಣದಿಂದ ಸ್ಪೀಡ್‌ಬೋಟ್‌ನಲ್ಲಿ ಕಾಲು ಗಂಟೆಯ ಆಸುಪಾಸು. ಸ್ಪೀಡ್‌ಬೋಟ್ ದರ ಸಾಮಾನ್ಯವಾಗಿ ಸೀಪ್ಲೇನ್‌ನ ಅರ್ಧಕ್ಕಿಂತ ಕಡಿಮೆ. ಜೊತೆಗೆ ಅದು ರಾತ್ರಿಯೂ ಓಡುತ್ತದೆ. ಸೀಪ್ಲೇನ್ ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ಮಧ್ಯಾಹ್ನ ಮೂರೂವರೆ ನಾಲ್ಕರ ನಂತರ ಮಾಲೆಯಲ್ಲಿ ಇಳಿದರೆ ಆ ರಾತ್ರಿ ಅಲ್ಲೇ ಹಣ ಕೊಟ್ಟು ತಂಗಬೇಕು.

ಮಲ್ಪೆ_ಕಡಲು

ಕದ್ರಿಯವರ ಲೆಕ್ಕ ಸರಿ, ಆದರೆ ರೆಸಾರ್ಟ್ ಒಂದೇ ದಾರಿ ಎಂಬಂತೆ ಮಾತನಾಡುವುದನ್ನು ನಾನು ಒಪ್ಪುವುದಿಲ್ಲ. ಜನವಸತಿ ಇರುವ ದ್ವೀಪಗಳಲ್ಲಿ ಅತಿಥಿಗೃಹಗಳಿವೆ. ಸಣ್ಣ ಅತಿಥಿಗೃಹಗಳಲ್ಲಿ ಹಸಿರು ತೆರಿಗೆಯೂ 6 ಡಾಲರ್ ಮಾತ್ರ. ಬಾ ಅಟಾಲ್‌ನಲ್ಲೇ ಧರವಂಧೂ ಎಂಬ ದ್ವೀಪವಿದೆ, ಅದಕ್ಕೆ ತನ್ನದೇ ವಿಮಾನ ನಿಲ್ದಾಣವಿದೆ. ಮಾಲೆಯಿಂದ ದೇಶೀಯ ವಿಮಾನದಲ್ಲಿ ಹೋಗಬಹುದು, ಸೀಪ್ಲೇನ್ ಬೇಕಿಲ್ಲ. ಅಲ್ಲಿಂದ ಹನಿಫರು ಕೊಲ್ಲಿ ಬಹಳ ಹತ್ತಿರ. ಜೂನ್‌ನಿಂದ ನವೆಂಬರ್‌ವರೆಗೆ ಮಾಂಟಾ ಎಂಬ ದೈತ್ಯ ತೊರಕೆ ಮೀನುಗಳು ಪ್ಲ್ಯಾಂಕ್ಟನ್ ತಿನ್ನಲು ಆ ಕೊಲ್ಲಿಯಲ್ಲಿ ಗುಂಪುಗೂಡುತ್ತವೆ. ಸಿಲಿಂಡರ್ ಕಟ್ಟಿಕೊಂಡು ಮುಳುಗುವುದಕ್ಕೆ ಅಲ್ಲಿ ಅನುಮತಿ ಇಲ್ಲ, ನೀರಿನ ಮೇಲೆ ಸ್ನಾರ್ಕೆಲ್ ಹಾಕಿಯೇ ನೋಡಬೇಕು. ಈಜು ಬಲ್ಲ ಮಕ್ಕಳಿಗೂ ಅದು ಸಾಧ್ಯ. ಇಡೀ ಬಾ ಅಟಾಲ್ 2011ರಿಂದ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ. ದಸರಾ ಹೊತ್ತಿಗೆ ಹೋಗುವವರು ಅದನ್ನು ಬಿಟ್ಟುಬರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಎರಡು ರಾತ್ರಿ ಧರವಂಧೂ, ಮೂರು ರಾತ್ರಿ ರೆಸಾರ್ಟ್ ಮಾಡಿ.

ಕದ್ರಿ_ಪ್ರಯಾಣಿಕ

ಮಲ್ಪೆಯವರೇ, ಹನಿಫರು ಬಗ್ಗೆ ನೀವು ಹೇಳಿದ್ದಕ್ಕೆ ಎದುರಾಡುವುದಿಲ್ಲ. ಆದರೆ ಮೂರೇ ರಾತ್ರಿ ಎಂದರೆ ಉಚಿತ ರಾತ್ರಿ ಕೈತಪ್ಪುತ್ತದೆ, ಎರಡು ಕಡೆಯ ಓಡಾಟದ ಖರ್ಚೂ ಸೇರುತ್ತದೆ. ಮಗುವನ್ನು ಕರೆದುಕೊಂಡು ಸಣ್ಣ ರಜೆಯಲ್ಲಿ ಎರಡು ಕಡೆ ಗಂಟುಮೂಟೆ ಕಟ್ಟುವುದು ಆಯಾಸದ ಕೆಲಸ. ಪೂರ್ತಿ ಪ್ರವಾಸವನ್ನು ಧರವಂಧೂವಿನಲ್ಲೇ ಮಾಡುವುದಾದರೆ ಅದು ಒಳ್ಳೆಯ ಯೋಜನೆ. ಆಗ ಪಾಯಿಂಟ್‌ಗಳನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಬಹುದು. ಅರ್ಧ ಅದು, ಅರ್ಧ ಇದು ಎಂದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಬಜ್ಪೆ_ಪಯಣ

ವಿಮಾನದ ಮಾತು ಯಾರೂ ಎತ್ತಲಿಲ್ಲ. ಮಂಗಳೂರಿನಿಂದ ಮಾಲೆಗೆ ನೇರ ವಿಮಾನವಿಲ್ಲ. ಬೆಂಗಳೂರು ಅಥವಾ ಕೊಚ್ಚಿಯಿಂದ ಹೋಗಬೇಕು. ಬಜ್ಪೆಯಿಂದ (ಮಂಗಳೂರು ವಿಮಾನ ನಿಲ್ದಾಣ) ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿನಿಂದ ಮಾಲೆಗೆ ಇನ್ನೊಂದು ಟಿಕೆಟ್ ಎಂದು ಬೇರೆಬೇರೆ ತೆಗೆಯುವವರು ಎಚ್ಚರವಾಗಿರಬೇಕು. ನಮ್ಮದು ಗುಡ್ಡದ ಮೇಲಿನ ರನ್‌ವೇ. ಮಳೆ, ಮೋಡ ಕವಿದರೆ ವಿಮಾನ ತಡವಾಗುವುದು, ಬೇರೆ ಊರಿಗೆ ತಿರುಗುವುದು ಇದ್ದದ್ದೇ. ಎರಡೂ ಒಂದೇ ಬುಕಿಂಗ್‌ನಲ್ಲಿದ್ದರೆ ಮುಂದಿನ ವಿಮಾನದ ವ್ಯವಸ್ಥೆ ವಿಮಾನ ಸಂಸ್ಥೆಯ ಹೊಣೆ. ಬೇರೆಬೇರೆ ಇದ್ದರೆ ಪೂರ್ತಿ ನಷ್ಟ ನಿಮ್ಮದು.

ಉಡುಪಿಯವರಿಗೆ ನಾನು ಕೊಚ್ಚಿಯನ್ನೇ ಸೂಚಿಸುತ್ತೇನೆ. ಮಂಗಳಾ ಎಕ್ಸ್‌ಪ್ರೆಸ್ ಉಡುಪಿಯಲ್ಲೂ ನಿಲ್ಲುತ್ತದೆ, ಆಲುವಾದಲ್ಲೂ ನಿಲ್ಲುತ್ತದೆ. ಆಲುವಾದಿಂದ ಕೊಚ್ಚಿಯ ನೆಡುಂಬಾಶೇರಿ ವಿಮಾನ ನಿಲ್ದಾಣ ಹತ್ತಿರ. ಆದರೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಅಕ್ಟೋಬರ್‌ವರೆಗೂ ಎಳೆಯುತ್ತದೆ, ದಸರಾ ದಿನಗಳು ಅದರೊಳಗೆ ಬರುತ್ತವೆಯೇ ಎಂದು ನೋಡಿಯೇ ಟಿಕೆಟ್ ತೆಗೆಯಿರಿ. ರೈಲು ಇಳಿದ ದಿನವೇ ಹಾರುವುದಾದರೆ ಮಧ್ಯೆ ಧಾರಾಳ ಸಮಯ ಬಿಡಿ. ಮಾಲೆಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ, ಕೆಲವು ರೆಸಾರ್ಟ್‌ಗಳು ತಮ್ಮ ದ್ವೀಪದಲ್ಲಿ ಅದನ್ನು ಒಂದು ಗಂಟೆ ಮುಂದಿಡುತ್ತವೆ. ದೋಣಿಯ ಸಮಯ ಹೇಳುವಾಗ ಯಾವ ಗಡಿಯಾರ ಎಂದು ಕೇಳಿಕೊಳ್ಳಿ.

ಬ್ಯಾಂಕಿನ ಪಾಯಿಂಟ್‌ಗಳನ್ನು ವಿಮಾನಕ್ಕೆ ಬಳಸಿ. ಅವನ್ನು ವಿಮಾನ ಸಂಸ್ಥೆಯ ಮೈಲ್ (ಅವರ ಪಾಯಿಂಟ್) ಮಾಡಿ ಟಿಕೆಟ್ ತೆಗೆಯುವುದಾದರೆ ಒಂದು ಅಂಶ ಗಮನಿಸಿ: ಮಾಲೆಯಿಂದ ಹೊರಡುವಾಗ ಎಕಾನಮಿಯ ಪ್ರಯಾಣಿಕರಿಗೆ ನಿರ್ಗಮನ ತೆರಿಗೆ 50 ಡಾಲರ್, ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ 50 ಡಾಲರ್. ಮೈಲ್ ಟಿಕೆಟ್ ಎಂದು ಇದು ತಪ್ಪುವುದಿಲ್ಲ, ಮೂವರಿಗೆ 27,000 ರೂಪಾಯಿ ಆಗುತ್ತದೆ. ಬ್ಯಾಂಕಿನ ಪ್ರಯಾಣ ಪೋರ್ಟಲ್‌ನಲ್ಲಿ ಪಾಯಿಂಟ್‌ನಿಂದ ಪೂರ್ತಿ ಟಿಕೆಟ್ ದರ ತೀರಿಸಬಹುದಾದರೆ ಈ ಮಾರ್ಗದಲ್ಲಿ ಅದೇ ಲಾಭವಾದೀತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇಂದ್ರಾಳಿ_ನಿವಾಸಿ

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಕುಳಿತು ಮಾತನಾಡಿದೆವು. ಹತ್ತಿರದ ರೆಸಾರ್ಟ್, ಐದು ರಾತ್ರಿ, ಕೊಚ್ಚಿಯಿಂದ ಪ್ರಯಾಣ ಎಂದು ತೀರ್ಮಾನವಾಯಿತು. ಪಾಯಿಂಟ್ ದರವೂ ಬಾ ಅಟಾಲ್‌ನದ್ದಕ್ಕಿಂತ ಕೆಳಗಿದೆ. ಸೀಪ್ಲೇನ್‌ಗೆ ಹೇಳಿದ್ದರ ಅರ್ಧದೊಳಗೆ ದೋಣಿಯ ಖರ್ಚು ಮುಗಿಯುತ್ತದೆ. ಮಗಳಿಗೆ ಮಾಂಟಾ ಆಸೆ ಇತ್ತು, ಈಜು ಇನ್ನೂ ಚೆನ್ನಾಗಿ ಕಲಿತ ಮೇಲೆ ಧರವಂಧೂಗೆ ಹೋಗೋಣ ಎಂದಿದ್ದೇವೆ. ಮಲ್ಪೆಯವರ ಮಾತನ್ನು ಬರೆದಿಟ್ಟುಕೊಂಡಿದ್ದೇನೆ.

ಉಳಿದದ್ದು ಮೂರು ಪ್ರಶ್ನೆ. ಪತಿಯ ಪಾಯಿಂಟ್ ನನ್ನ ಖಾತೆಗೆ ಬರುವಷ್ಟರಲ್ಲಿ ಕೋಣೆ ಹೋಗಿಬಿಟ್ಟರೆ? ನಾವು ಸಸ್ಯಾಹಾರಿಗಳು, ಮಧ್ಯಾಹ್ನದ ಊಟಕ್ಕೆ ಏನು ಮಾಡುವುದು? ಅಲ್ಲಿ ಯಾವ ಕಾರ್ಡ್ ಬಳಸಬೇಕು?

ಕದ್ರಿ_ಪ್ರಯಾಣಿಕ

ಕೋಣೆಗೆ: ಮ್ಯಾರಿಯಟ್‌ನಲ್ಲಿ ಪಾಯಿಂಟ್ ಪೂರ್ತಿ ಇಲ್ಲದಿದ್ದರೂ ಮುಂಗಡವಾಗಿ ಬುಕ್ ಮಾಡುವ ಸೌಲಭ್ಯವಿದೆ. ಹೋಗುವ ದಿನಕ್ಕೆ 14 ದಿನ ಮೊದಲೇ ಪಾಯಿಂಟ್ ತುಂಬಬೇಕು. ಆದರೆ ಇದರಲ್ಲಿ ಉಳಿಯುವುದು ಕೋಣೆ ಮಾತ್ರ, ಪಾಯಿಂಟ್ ದರ ಏರಿದರೆ ಏರಿದ ದರವನ್ನೇ ಕೊಡಬೇಕಾಗಬಹುದು. ಆದ್ದರಿಂದ ಇಂದೇ ಬುಕ್ ಮಾಡಿ, ಪತಿಯ ಖಾತೆಯಿಂದ ವರ್ಗಾವಣೆಯನ್ನೂ ಇಂದೇ ಮಾಡಿಸಿ, ಬಂದ ದಿನವೇ ಬುಕಿಂಗ್‌ಗೆ ಜೋಡಿಸಿ.

ಊಟಕ್ಕೆ: ಬೆಳಗಿನ ತಿಂಡಿಯನ್ನು ನಿಧಾನವಾಗಿ, ಹತ್ತು ಗಂಟೆಯ ಹೊತ್ತಿಗೆ ಮಾಡಿದರೆ ಮಧ್ಯಾಹ್ನಕ್ಕೆ ಹೆಚ್ಚೇನೂ ಬೇಕಾಗದು. ಕೋಣೆಯಲ್ಲಿ ಕೆಟಲ್ ಇದೆಯೇ ಎಂದು ಕೇಳಿಕೊಳ್ಳಿ. ತೆಳು ಅವಲಕ್ಕಿ, ಚಟ್ನಿಪುಡಿ, ಹುರಿಟ್ಟು, ಬಾಳೆಕಾಯಿ ಚಿಪ್ಸ್ ಇಷ್ಟನ್ನು ಸೀಲ್ ಮಾಡಿದ ಪೊಟ್ಟಣಗಳಲ್ಲಿ ಒಯ್ಯಿರಿ. ಮದ್ಯ ಮತ್ತು ಹಂದಿಮಾಂಸದ ಪದಾರ್ಥಗಳನ್ನು ಮಾಲ್ಡೀವ್ಸ್‌ಗೆ ಒಯ್ಯುವಂತಿಲ್ಲ. ನಿಮಗೆ ಬೇಕಾಗದಿದ್ದರೂ ಓದುವ ಬೇರೆಯವರಿಗಾಗಿ ಬರೆದಿದ್ದೇನೆ; ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನೂ ಅಲ್ಲಿನ ಕಸ್ಟಮ್ಸ್ ತೆಗೆದಿಟ್ಟುಕೊಳ್ಳುತ್ತದೆ.

ಕಾರ್ಡ್‌ಗೆ: ನಮ್ಮ ಅನೇಕ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ವ್ಯವಹಾರಕ್ಕೆ ಶೇ 3.5 ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಒಟ್ಟು ಶೇ 4.13. ಒಂದೂವರೆ ಲಕ್ಷದ ಬಿಲ್ಲಿಗೆ 6,000 ರೂಪಾಯಿಗಿಂತ ಹೆಚ್ಚು. ಮನೆಯಲ್ಲಿರುವ ಕಾರ್ಡ್‌ಗಳಲ್ಲಿ ಈ ಶುಲ್ಕ ಯಾವುದಕ್ಕೆ ಕಡಿಮೆಯೋ ಅದನ್ನೇ ಒಯ್ಯಿರಿ. ಬಿಲ್ ಯಂತ್ರ ರೂಪಾಯಿಯೋ ಡಾಲರೋ ಎಂದು ಕೇಳಿದರೆ ಡಾಲರ್ ಒತ್ತಿ, ರೂಪಾಯಿ ಒತ್ತಿದರೆ ಯಂತ್ರದವರ ವಿನಿಮಯ ದರ ಬೀಳುತ್ತದೆ. ಬಂದ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವ ಹಣ ಖಾತೆಯಲ್ಲಿ ಇರಲೇಬೇಕು. ಬಾಕಿ ಉಳಿದರೆ ತಿಂಗಳಿಗೆ ಶೇ 3.5ರ ಆಸುಪಾಸು ಬಡ್ಡಿ ಓಡುತ್ತದೆ, ಪಾಯಿಂಟ್‌ನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಗುತ್ತದೆ.

ಬಜ್ಪೆ_ಪಯಣ

ಇನ್ನೊಂದು. ಮಾಲ್ಡೀವ್ಸ್ ಪ್ರವಾಸಕ್ಕೆ ಭಾರತೀಯರು ಮೊದಲೇ ವೀಸಾ ಪಡೆಯಬೇಕಿಲ್ಲ, ಅಲ್ಲಿ ಇಳಿದಾಗ ಉಚಿತವಾಗಿ ಪ್ರವೇಶ ಸಿಗುತ್ತದೆ. ಆದರೆ ಐಮುಗಾ ಎಂಬ ಪ್ರಯಾಣಿಕರ ಘೋಷಣೆಯನ್ನು ವಿಮಾನಕ್ಕೆ 96 ಗಂಟೆಗಳ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಮಗಳ ಹೆಸರಿಗೂ ಪ್ರತ್ಯೇಕವಾಗಿ. ಬರುವಾಗ ಒಮ್ಮೆ, ಹೊರಡುವಾಗ ಇನ್ನೊಮ್ಮೆ. ಅದು ಸಂಪೂರ್ಣ ಉಚಿತ. ಹುಡುಕಿದಾಗ ಹಣ ಕೇಳುವ ತಾಣ ಮೊದಲು ಕಾಣಿಸಿದರೆ ಅದನ್ನು ಮುಚ್ಚಿ, ಮಾಲ್ಡೀವ್ಸ್ ವಲಸೆ ಇಲಾಖೆಯ ತಾಣದಲ್ಲೇ ತುಂಬಿ.