ಕಾಗೆಯೋ ಕೋಗಿಲೆಯೋ: ನಮ್ಮ ಮನೆ ಗುಂಪಿನಲ್ಲಿ ಕ್ಯಾಮೆರಾ ಜಗಳ

ಭಾವ ಪುಟ್ಟಿಗೆ ಒಂದು ಪುಟಾಣಿ ಕ್ಯಾಮೆರಾ ತಂದರು. ಶಾಲೆಯ ಪ್ರವಾಸಕ್ಕೆ ಫೋನ್ ತರಬೇಡಿ, ಕ್ಯಾಮೆರಾ ಆದರೆ ಪರವಾಗಿಲ್ಲ ಅಂದಿದ್ದರಂತೆ. ಅಗ್ಗದ್ದು, ಹಳೇ ಮಾದರಿಯದ್ದು, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಅದರಲ್ಲಿ ತೆಗೆದ ಎರಡು ಫೋಟೋಗಳನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರು ನೋಡಿ, ರಾತ್ರಿ 8ಕ್ಕೆ ಶುರುವಾದ ಮಾತು 11 ಆದರೂ ನಿಲ್ಲಲಿಲ್ಲ. ಗುಡ್ ನೈಟ್ ಚಿತ್ರಗಳನ್ನೂ ನಗುವ ಮುಖಗಳನ್ನೂ ಬಿಟ್ಟು ಉಳಿದದ್ದು ಇಲ್ಲಿದೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ.

ಭಾವ: ಪುಟ್ಟಿಯ ಕ್ಯಾಮೆರಾ. 20 ಮೆಗಾಪಿಕ್ಸೆಲ್, 8 ಪಟ್ಟು ಝೂಮ್. ಮೊದಲನೆಯದು ಎದುರು ಮನೆಯ ಆಂಟೆನಾ ಮೇಲಿನ ಕಾಗೆ, ನಮ್ಮ ಮಹಡಿಯಿಂದ ತೆಗೆದದ್ದು. ಎರಡನೆಯದು ನಿನ್ನೆ ಅವಳ ಹುಟ್ಟುಹಬ್ಬದ್ದು. ಹೇಗಿದೆ ಹೇಳಿ.

ತಮ್ಮ: ಭಾವ, ಬೇಜಾರು ಮಾಡಿಕೊಳ್ಳಬೇಡಿ. ಎರಡನೆಯದರಲ್ಲಿ ಅಕ್ಕನ ಮುಖಕ್ಕೆ ಸುಣ್ಣ ಬಳಿದ ಹಾಗಿದೆ. ಹಿಂದೆ ನಿಂತಿದ್ದ ನಾನು ಕಾಣಿಸುತ್ತಲೇ ಇಲ್ಲ. ಫೋನಿನಲ್ಲೇ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು.

ಅಕ್ಕ: ನಿನ್ನ ಫೋನು ನನ್ನ ಮುಖವನ್ನು ಇಸ್ತ್ರಿ ಮಾಡಿ ಕೊಡುತ್ತದೆ. ಅದಕ್ಕಿಂತ ಸುಣ್ಣವೇ ವಾಸಿ.

ದೊಡ್ಡಮ್ಮ: ಎರಡನೆಯದರ ಮೂಲೆಯಲ್ಲಿ ಕೇಸರಿ ಬಣ್ಣದಲ್ಲಿ ಏನೋ ಬರೆದಿದೆಯಲ್ಲ, ಏನದು?

ದೊಡ್ಡಮ್ಮನಿಗೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಗುಂಪಿನಲ್ಲಿ ಅದು ಮಾಮೂಲಿ.

ಚಿಕ್ಕಪ್ಪ: ಅದು ಫ್ಲಾಶಿನ ಗುಣ ಕಣಪ್ಪ, ಕ್ಯಾಮೆರಾದ್ದು ಮಾತ್ರ ಅಲ್ಲ. ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಕ ಒಂದು ಮೀಟರಿನಲ್ಲಿ, ನೀನು ಮೂರು ಮೀಟರಿನಲ್ಲಿ ಇದ್ದರೆ ನಿನಗೆ ಸಿಕ್ಕಿದ್ದು ಅವಳಿಗೆ ಸಿಕ್ಕಿದ್ದರಲ್ಲಿ ಒಂಬತ್ತನೇ ಒಂದು ಪಾಲು.

ತಮ್ಮ: ಅದನ್ನೇ ನಾನು ಹೇಳುತ್ತಿರುವುದು ಚಿಕ್ಕಪ್ಪ. ಫೋನು ಕತ್ತಲಲ್ಲಿ ಬೇಗ ಬೇಗ ಹತ್ತಾರು ಫೋಟೋ ತೆಗೆದು ಒಂದರ ಮೇಲೊಂದು ಇಟ್ಟು ಸರಿ ಮಾಡುತ್ತದೆ. ಇದು ಒಂದು ತೆಗೆದು ಸುಮ್ಮನಾಗುತ್ತದೆ. 20 ಮೆಗಾಪಿಕ್ಸೆಲ್ ಇದ್ದು ಏನು ಬಂತು? ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಚಿಪ್ ನೋಡಿ, ಹೆಸರಿಗೆ 1/2.3 ಇಂಚು. ನಿಜವಾದ ಅಗಲ ಸುಮಾರು 6 ಮಿಲಿಮೀಟರ್, ಎತ್ತರ ನಾಲ್ಕೂವರೆ. ನಿಮ್ಮ ಶರ್ಟಿನ ಗುಂಡಿ ಅದಕ್ಕಿಂತ ದೊಡ್ಡದು. ಅಷ್ಟು ಜಾಗಕ್ಕೆ 2 ಕೋಟಿ ಚುಕ್ಕೆ ತುರುಕಿದ್ದಾರೆ.

ಭಾವ: ಗುಂಡಿ ಇರಲಿ ಮಾರಾಯ. ಕಾಗೆ ನೋಡಿದೆಯಾ? ನಿನ್ನ ಫೋನಿನಲ್ಲಿ ಅಷ್ಟು ದೂರದ್ದು ಬರುತ್ತದಾ?

ತಮ್ಮ: ನಾನೂ ಝೂಮ್ ಮಾಡುತ್ತೇನೆ.

ಚಿಕ್ಕಪ್ಪ: ನಿನ್ನ ಫೋನಿನದ್ದು ಬಹುಪಾಲು ಕತ್ತರಿ ಕೆಲಸ. ಫೋಟೋದ ನಡುವಿನ ತುಂಡು ಕತ್ತರಿಸಿ ಹಿಗ್ಗಿಸುವುದು. ಇಲ್ಲಿ ಲೆನ್ಸೇ ಮುಂದೆ ಬರುತ್ತದೆ. ಕತ್ತರಿಸಿದರೆ ಇಲ್ಲದ ಗರಿ ಎಲ್ಲಿಂದ ಬರಬೇಕು?

ತಮ್ಮ: ನನ್ನದರಲ್ಲೂ ಝೂಮಿಗೆಂದೇ ಬೇರೆ ಲೆನ್ಸ್ ಇದೆ. 3 ಪಟ್ಟು.

ಚಿಕ್ಕಪ್ಪ: ಮೂರರವರೆಗೆ ಸೈ. ಆಮೇಲೆ ಕತ್ತರಿಯೇ.

ಇಲ್ಲಿ ಒಂದು ಗಂಟೆ ಮೌನ. ಎಲ್ಲರೂ ಊಟಕ್ಕೆ ಎದ್ದಿರಬೇಕು. ನನಗೆ ತಡೆಯಲಾಗಲಿಲ್ಲ, ಉದ್ದದ್ದೊಂದು ಬರೆದೆ.

ನಾನು: ಇಬ್ಬರದ್ದೂ ಸರಿ, ಆದರೆ ಇಬ್ಬರೂ ಬೇರೆ ಬೇರೆ ಹೊತ್ತಿನ ಮಾತಾಡುತ್ತಿದ್ದೀರಿ. ಭಾವ ಹಗಲಿನದ್ದು, ತಮ್ಮ ರಾತ್ರಿಯದ್ದು. ಈ ತರಹದ ಲೆನ್ಸು ಝೂಮ್ ಇಲ್ಲದಾಗ ಎಫ್ 3.3 ಆಸುಪಾಸು ತೆರೆದುಕೊಳ್ಳುತ್ತದೆ. ಪೂರ್ತಿ ಝೂಮ್ ಮಾಡಿದರೆ 6.3ಕ್ಕೆ ಹೋಗುತ್ತದೆ, ಈ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಒಳಗೆ ಬರುವ ಬೆಳಕು ಕಾಲು ಭಾಗಕ್ಕೆ ಬಂತು ಅಂತಲೇ ಲೆಕ್ಕ. ಬಿಸಿಲಲ್ಲಿ ಅದು ಗೊತ್ತೇ ಆಗುವುದಿಲ್ಲ. ಸಂಜೆ ಅದೇ ಕಾಗೆಯನ್ನು ತೆಗೆದು ನೋಡಿ, ಐಎಸ್ಒ, ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಮಟ್ಟ, ಮೇಲೇರಿ ಮರಳು ಚೆಲ್ಲಿದ ಹಾಗೆ ಬರುತ್ತದೆ, ಇಲ್ಲ ಕೈ ಅಲುಗಿ ಕಲಸಿಹೋಗುತ್ತದೆ. ಮಗುವಿಗೆ ಇದನ್ನು ಮೊದಲೇ ಹೇಳಿಬಿಡಿ. ಕತ್ತಲಾದ ಮೇಲೆ ಝೂಮ್ ಮುಟ್ಟಬೇಡ, ನಾಲ್ಕು ಹೆಜ್ಜೆ ಮುಂದೆ ಹೋಗು ಅಂತ.

ತಮ್ಮ: ಅಣ್ಣ ತೀರ್ಪು ಕೊಟ್ಟಾಯಿತು. ಫೋಟೋ ತೆಗೆಯಲು ಕೈಪಿಡಿ ಬೇಕಾದರೆ ಆ ಕ್ಯಾಮೆರಾ ಯಾಕೆ?

ಅಕ್ಕ: ನಿನ್ನನ್ನು ಯಾರೂ ಕೊಂಡುಕೋ ಅನ್ನಲಿಲ್ಲವಲ್ಲೋ.

ತಮ್ಮ: ಮತ್ತೆ ಹೇಗಿದೆ ಅಂತ ಕೇಳಿದ್ದು ಯಾಕೆ? ಇನ್ನೂ ಇದೆ ಕೇಳಿ. ವೈಫೈ ಇಲ್ಲ. ವಿಡಿಯೋ 720ಕ್ಕೇ ನಿಂತುಹೋಗುತ್ತದೆ. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಬಿಸಿಲಲ್ಲಿ ಪರದೆಯಲ್ಲಿ ಅವರ ಮುಖವೇ ಅವರಿಗೆ ಕಾಣುತ್ತದೆ. ಗುಂಡಿ ಒತ್ತಿದ ಮೇಲೆ ಯೋಚನೆ ಮಾಡಿ ತೆಗೆಯುತ್ತದೆ. ಅಷ್ಟರಲ್ಲಿ ಕಾಗೆ ಹಾರಿಹೋಗಿರುತ್ತದೆ.

ಕೊನೆಯದು ಅರ್ಧ ನಿಜ. ಗುಂಡಿಯನ್ನು ಒಂದೇ ಸಲ ಗುದ್ದಿದರೆ ತಡವಾಗುತ್ತದೆ. ಅರ್ಧ ಒತ್ತಿ ಹಿಡಿದರೆ ಟಿಣ್ ಅಂತ ಸದ್ದು ಬಂದು ಹಸಿರು ಚೌಕ ಮೂಡುತ್ತದೆ, ಫೋಕಸ್ ಆಯಿತು ಅಂತ. ಆಮೇಲೆ ಪೂರ್ತಿ ಒತ್ತಿದರೆ ಹೆಚ್ಚು ಕಾಯಿಸುವುದಿಲ್ಲ. ಫೋನಿನಲ್ಲಿ ಬೆಳೆದವರಿಗೆ ಈ ಅರ್ಧ ಒತ್ತುವುದು ಹೊಸದು. ಇದನ್ನೂ ಬರೆದೆ. ಅಷ್ಟರಲ್ಲಿ ಭಾವನ ನಂಬರಿನಿಂದ ಬೇರೆ ದನಿ ಬಂತು.

ಭಾವ: ಚಿಕ್ಕ ಮಾವ ನಾನು ಪುಟ್ಟಿ. ಅಪ್ಪನ ಫೋನು. ಅರ್ಧ ಒತ್ತುವುದು ನನಗೆ ಗೊತ್ತು. ಕಾಗೆ ನಾನೇ ತೆಗೆದದ್ದು.

ಚಿಕ್ಕಪ್ಪ: ಭೇಷ್ ಪುಟ್ಟಿ. ಒಂದು ಮಾತು ನೆನಪಿಡು. ಲೆನ್ಸು ಹೊರಗೆ ಬಂದಿರುವಾಗ ಬೀಳಿಸಬೇಡ. ಮರಳಿನ ಹತ್ತಿರ ತೆರೆಯಬೇಡ. ಒಂದು ಕಾಳು ಆ ನಳಿಗೆಯ ಸಂದಿಗೆ ಹೋದರೆ ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ. ನನ್ನದು ಸತ್ತಿದ್ದು ಹಾಗೆಯೇ. ಜೇಬಿನಲ್ಲಿ ತಾನಾಗಿ ಆನ್ ಆಗಿ ಒಳಗೇ ಗುದ್ದಾಡಿತ್ತು. ರಿಪೇರಿಯವನು ಹೊಸದು ತಗೊಳ್ಳಿ ಸಾರ್ ಅಂದ.

ನನ್ನ ಪ್ರಕಾರ ಈ ಕ್ಯಾಮೆರಾಗಳ ದೊಡ್ಡ ದೌರ್ಬಲ್ಯ ಅದೇ. ಸೆನ್ಸರ್ ಅಲ್ಲ, ಮೆಗಾಪಿಕ್ಸೆಲ್ ಅಲ್ಲ. ಆದರೆ ಅದಕ್ಕೆ ಮದ್ದು ಒಂದು ಚೀಲ, ಅಷ್ಟೇ. ಬ್ಯಾಟರಿ ಬಿಚ್ಚಿ ಹಾಕಬಹುದು, ಇನ್ನೊಂದನ್ನು ಇಟ್ಟುಕೊಂಡರೆ ದಿನಪೂರ್ತಿ ಚಿಂತೆ ಇಲ್ಲ. ಮಾರ್ಗಮಧ್ಯೆ ಯಾರದೋ ಕರೆ ಬಂದು ಫೋಟೋ ತಪ್ಪುವುದೂ ಇಲ್ಲ.

ತಮ್ಮ: ಸರಿ, ಬೇರೆ ಎಲ್ಲ ಬಿಡಿ. ಮುಂದಿರುವ ಫೋಟೋ ನೋಡಿ. ಕಾಗೆಯ ಮೈಮೇಲೆ ಗರಿ ಎಲ್ಲಿದೆ? ಕಪ್ಪು ಮಸಿ. ಇದಾ ನಿಮ್ಮ ಲೆನ್ಸು?

ಆಗ ನನಗೆ ಹೊಳೆಯಿತು. ಮೂರು ಗಂಟೆಯಿಂದ ನಾವು ನೋಡುತ್ತಿದ್ದದ್ದು ಕ್ಯಾಮೆರಾದ ಫೋಟೋವನ್ನಲ್ಲ, ವಾಟ್ಸಾಪ್ ಹಿಂಡಿ ಕೊಟ್ಟದ್ದನ್ನು! ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಉದ್ದವನ್ನು ಸುಮಾರು 1600 ಪಿಕ್ಸೆಲ್ಲಿಗೆ ಇಳಿಸಿಬಿಡುತ್ತದೆ. ಕ್ಯಾಮೆರಾದಲ್ಲಿ ಅದು 5000ಕ್ಕೂ ಜಾಸ್ತಿ ಇತ್ತು.

ನಾನು: ಪುಟ್ಟಿ, ಅಪ್ಪನಿಗೆ ಹೇಳಿ ಎರಡನ್ನೂ ಡಾಕ್ಯುಮೆಂಟ್ ಅಂತ ಕಳಿಸು. ಗ್ಯಾಲರಿಯಿಂದ ಬೇಡ.

ಹತ್ತು ನಿಮಿಷಕ್ಕೆ ಬಂತು. ಹಿಗ್ಗಿಸಿ ನೋಡಿದೆ. ರೆಕ್ಕೆಯ ಅಂಚು ಒಂದಿಷ್ಟು ನೇರಳೆಯಾಗಿತ್ತು, ಅಗ್ಗದ ಲೆನ್ಸಿನ ಗುರುತು. ಆದರೆ ಗರಿ ಇತ್ತು. ಕೊಕ್ಕು ಕಪ್ಪಲ್ಲ, ಹಸಿರು ಬೂದಿ. ಕಣ್ಣು ಕೆಂಪು.

ತಮ್ಮ: ಹಹ್ಹ, ರೆಡ್ ಐ! ಕಾಗೆಗೂ ಫ್ಲಾಶ್ ಹೊಡೆದಿದ್ದಾರೆ.

ಚಿಕ್ಕಪ್ಪ: ಇದರ ಫ್ಲಾಶ್ ನಾಲ್ಕು ಹೆಜ್ಜೆ ದಾಟುವುದಿಲ್ಲ, ಎದುರು ಮನೆ ಆಂಟೆನಾಗೆ ಹೋಗುತ್ತದಾ? ಅದು ಕಾಗೆಯೇ ಅಲ್ಲ ಕಣೋ. ಗಂಡು ಕೋಗಿಲೆ. ಅದರ ಕಣ್ಣೇ ಕೆಂಪು.

ಭಾವ: ಚಿಕ್ಕಜ್ಜ, ನಾನು ಅಪ್ಪನಿಗೆ ಆಗಲೇ ಹೇಳಿದ್ದೆ, ಕಾಗೆ ಅಲ್ಲ ಅಂತ. ಪುಟ್ಟಿ.

ತಮ್ಮ: ಹಗಲಿಗೆ ಒಪ್ಪಿದೆ. ರಾತ್ರಿಗೆ ಮಾತ್ರ ಒಪ್ಪುವುದಿಲ್ಲ. ಎರಡನೆಯದನ್ನು ಎಷ್ಟು ಹಿಗ್ಗಿಸಿದರೂ ನಾನು ಇಲ್ಲ.

ದೊಡ್ಡಮ್ಮ: ಈಗ ಆ ಕೇಸರಿ ಅಕ್ಷರ ಓದಲು ಬರುತ್ತಿದೆ. 01-01-2014 ಅಂತಿದೆ.

ಚಿಕ್ಕಪ್ಪ: ಬ್ಯಾಟರಿ ಇಲ್ಲದೆ ತುಂಬಾ ದಿನ ಬಿದ್ದಿದ್ದರೆ ಒಳಗಿನ ಗಡಿಯಾರ ಮೊದಲಿಗೆ ಹೋಗಿ ನಿಲ್ಲುತ್ತದೆ ಅತ್ತಿಗೆ.

ಅಕ್ಕ: ರೀ, ಮಲಗುವ ಮೊದಲು ಆ ತಾರೀಖು ಸರಿ ಮಾಡಿ. ಪುಟ್ಟಿ ಹುಟ್ಟುವುದಕ್ಕಿಂತ ಮೊದಲೇ ಅವಳ ಹುಟ್ಟುಹಬ್ಬ ಮಾಡಿದ್ದೀವಿ.