ಆರ್‌ಸಿ (ರಿಮೋಟ್ ಕಂಟ್ರೋಲ್) ಟ್ರಕ್ ಬೋರ್ಡಿಗೆ ಸಿಲಿಕೋನ್ ಕೋಟಿಂಗ್: ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು?

ಪ್ರಶ್ನೆ: 1/10 ಅಳತೆಯ (ನಿಜವಾದ ಗಾಡಿಯ ಹತ್ತನೇ ಒಂದರಷ್ಟು) ಟ್ರಕ್ಕನ್ನ ಕೆಸರಲ್ಲಿ ಓಡಿಸಬೇಕು. ರಿಸೀವರ್ (ರಿಮೋಟ್ ಸಿಗ್ನಲ್ ಹಿಡಿಯೋದು), ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸೋದು), ಸರ್ವೋ (ಚಕ್ರ ತಿರುಗಿಸೋ ಸ್ಟೀರಿಂಗ್ ಮೋಟಾರ್) ಮೂರಕ್ಕೂ ಸಿಲಿಕೋನ್ ಕನ್ಫಾರ್ಮಲ್ ಕೋಟಿಂಗ್ (ಬೋರ್ಡಿಗೆ ನೀರು ತಾಗದಂತೆ ಬಳಿಯೋ ತೆಳು ಪದರ) ಹಚ್ಚಬಹುದಾ?

ಉತ್ತರ: ಧಾರಾಳವಾಗಿ ಹಚ್ಚಿ ಸರ್. ಮೊದಲು ಬೋರ್ಡನ್ನ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಫ್ಲಕ್ಸ್ (ಬೆಸುಗೆ ಹಾಕುವಾಗ ಉಳಿಯೋ ಅಂಟು) ಉಳಿದರೆ ಪದರ ಅಂಟದೆ ಸಿಪ್ಪೆ ಏಳುತ್ತೆ. ತೆಳುವಾಗಿ ಎರಡು ಕೋಟ್ ಸಾಕು, ದಪ್ಪ ಬಳಿದರೆ ಗುಳ್ಳೆ ನಿಲ್ಲುತ್ತೆ. ಪ್ಲಗ್ ಪಿನ್, ಬಟನ್ ಮುಟ್ಟಲೇಬೇಡಿ. ಯುವಿ ಬೆಳಕಲ್ಲಿ ಹೊಳೆಯೋ ಬಣ್ಣ ಬೆರೆತ ಕೋಟಿಂಗೇ ತಗೊಳ್ಳಿ. ಯುವಿ ಟಾರ್ಚ್ ಬಿಟ್ಟಾಗ ಐಸಿ (ಚಿಪ್) ಕಾಲುಗಳ ಸಂದಿ ಕಪ್ಪಗೆ ಕಂಡರೆ ಅಲ್ಲಿ ಬಿಟ್ಟುಹೋಗಿದೆ ಅಂತ.

ಉತ್ತರ: ಸರ್ವೋದಲ್ಲಿ ಹುಷಾರು. ಒಳಗಿನ ಪೊಟೆನ್ಶಿಯೋಮೀಟರ್‌ಗೆ (ಶಾಫ್ಟ್ ಎಷ್ಟು ತಿರುಗಿದೆ ಅಂತ ಅಳೆಯೋ ಭಾಗ) ಕೋಟಿಂಗ್ ಹನಿ ಇಳಿದರೂ ಸ್ಟೀರಿಂಗ್ ನಡುಗುತ್ತೆ. ಬೋರ್ಡಿಗಷ್ಟೇ ಹಚ್ಚಿ, ಔಟ್‌ಪುಟ್ ಶಾಫ್ಟ್ ಸುತ್ತ ಗ್ರೀಸ್ ತುಂಬಿ. ಇಎಸ್‌ಸಿ ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ತುಂಡು) ಕೂರುವ ಜಾಗಕ್ಕೂ ಬೇಡ, ಶಾಖ ದಾಟಲ್ಲ.

ಉತ್ತರ: ಕೋಟಿಂಗ್ ಬೇರಿಂಗ್ ಉಳಿಸಲ್ಲ ಮಾರಾಯ್ರೇ. ನೀರಿಂದ ತೆಗೆದ ತಕ್ಷಣ ಒಣಗಿಸಿ, ಮೋಟಾರ್ ಬೇರಿಂಗಿಗೆ ಒಂದೊಂದು ಹನಿ ಎಣ್ಣೆ ಬಿಡಿ.